ಫೀಜಿ ದ್ವೀಪಗಳ ಜುಟ್ಟಿನ ಓತಿ

ಸರೀಸೃಪಗಳನ್ನು ಹೆಸರಿಸುವ ವಿಷಯದಲ್ಲಿ ಕನ್ನಡ ಭಾಷೆ ಬಡವಾದುದಲ್ಲ. ಗೋಡೆಯ ಮೇಲೆ ಲೊಚಗುಟ್ಟುವುದು ಹಲ್ಲಿ. ಬೇಲಿಯ ಮೇಲೆ ಕುಳಿತು ತಲೆದೂಗುವುದು ಓತಿ ಅಥವಾ ಓತಿಕೇತ. ಅಡಿಗಡಿಗೂ ಆಲೋಚಿಸಿ ಹೆಜ್ಜೆಯಿಡುವಂತೆ ಕೊಂಬೆಯ ಮೇಲೆ ತೂಗಾಡುತ್ತ ನಡೆಯುವುದು ಗೋಸುಂಬೆ. ಬಂಡೆಯ ಬಿರುಕನ್ನು ಬಿಗಿಹಿಡಿದರೆ ಬಿಡದಿರುವುದು ಉಡ. ತರಗೆಲೆಗಳ ಅಡಿಯಲ್ಲಿ ಮಿಂಚಿ ಮಾಯವಾಗುವುದು ಹಾವುರಾಣಿ. ಸಂಸ್ಕೃತದಲ್ಲಿಯೂ ಈ ವಿವೇಚನೆ ಉಂಟು. ಅಮರಸಿಂಹನು ತನ್ನ ಕೋಶದಲ್ಲಿ ಓತಿಗೆ ಸರಟ, ಕೃಕಲಾಸ ಎಂಬ ಪದಗಳನ್ನೂ, ಮನೆಯ ಹಲ್ಲಿಗೆ ಮುಸಲೀ, ಗೃಹಗೋಧಿಕಾ ಎಂಬ ಪದಗಳನ್ನೂ ಬೇರೆಬೇರೆಯಾಗಿಯೇ ಕೊಟ್ಟಿದ್ದಾನೆ. ಭಾಗವತದ ನೃಗ ಮಹಾರಾಜನು ಒಮ್ಮೆ ಕೊಟ್ಟ ಗೋವನ್ನೇ ಅರಿಯದೆ ಮತ್ತೊಬ್ಬರಿಗೆ ದಾನಮಾಡಿದ ದೋಷಕ್ಕಾಗಿ ಬಾವಿಯಲ್ಲಿ ಬಿದ್ದುಕೊಂಡಿದ್ದುದು ಕೃಕಲಾಸದ ರೂಪದಲ್ಲಿಯೇ ಎಂಬುದು ಪುರಾಣಶ್ರವಣ ಮಾಡಿದವರಿಗೆಲ್ಲ ತಿಳಿದ ಸಂಗತಿ.

ಇಷ್ಟು ಪದಸಂಪತ್ತು ಇದ್ದರೂ ಇಗ್ವಾನ ಎಂಬ ಪ್ರಾಣಿಗೆ ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಹೆಸರಿಲ್ಲ. ಇದು ಭಾಷೆಯ ಕೊರತೆಯಲ್ಲ. ಆ ಪ್ರಾಣಿಯೇ ನಮ್ಮ ಖಂಡದಲ್ಲಿಲ್ಲ. ಇಲ್ಲದ ವಸ್ತುವಿಗೆ ಹೆಸರನ್ನು ಯಾವ ಕೋಶಕಾರನೂ ಕಟ್ಟಿಡಲಾರ. ಇಗ್ವಾನ ಎಂಬುದು ಕರೀಬಿಯನ್ ದ್ವೀಪಗಳ ಮೂಲನಿವಾಸಿಗಳ ನುಡಿಯಿಂದ ಸ್ಪಾನಿಷ್ ಭಾಷೆಗೆ ಬಂದು, ಅಲ್ಲಿಂದ ಜಗತ್ತಿಗೆ ಹರಡಿದ ಶಬ್ದ. ಇದನ್ನು ಕನ್ನಡದಲ್ಲಿ ಉಡ ಎಂದು ಕರೆಯುವವರುಂಟು, ಅದು ಸಾಧುವಲ್ಲ. ಉಡವು ಮಾಂಸಾಹಾರಿ, ಸೀಳುನಾಲಗೆಯದು, ಬೇರೆಯೇ ವಂಶಕ್ಕೆ ಸೇರಿದುದು. ಇಗ್ವಾನಗಳು ಬಹುಪಾಲು ಎಲೆ, ಹೂ, ಹಣ್ಣುಗಳನ್ನು ತಿಂದು ಬದುಕುತ್ತವೆ. ಆಕಾರದಲ್ಲಿ ಅವು ನಮ್ಮ ಬೇಲಿಯ ಓತಿಗೇ ಹೆಚ್ಚು ಹತ್ತಿರ. ಆದರೂ ಬಾಯಿ ತೆರೆದು ನೋಡಿದರೆ ಭೇದವು ಸ್ಪಷ್ಟವಾಗುತ್ತದೆ. ಓತಿಯ ಹಲ್ಲುಗಳು ಬಹುಮಟ್ಟಿಗೆ ದವಡೆಯ ಅಂಚಿನ ಮೇಲೆಯೇ ಬೆಸೆದುಕೊಂಡಿರುತ್ತವೆ. ಇಗ್ವಾನದ ಹಲ್ಲುಗಳು ದವಡೆಯ ಒಳಮೈಗೆ ಒರಗಿಕೊಂಡು ಬೆಳೆದಿರುತ್ತವೆ. ಈ ಕಾರಣಗಳಿಂದ ಇಲ್ಲಿ ಓತಿ ಎಂಬ ಮಾತನ್ನು ಸಾದೃಶ್ಯದ ದೃಷ್ಟಿಯಿಂದ, ಬೇರೆ ದಾರಿಯಿಲ್ಲದೆ ಬಳಸಿದೆಯೆಂದು ಓದುಗರು ಭಾವಿಸಬೇಕು.

ಇಗ್ವಾನ ವಂಶದ ಬಹುತೇಕ ಎಲ್ಲ ಜಾತಿಗಳೂ ಅಮೆರಿಕ ಖಂಡಗಳಲ್ಲಿ, ಕರೀಬಿಯನ್ ಸಮುದ್ರದ ದ್ವೀಪಗಳಲ್ಲಿ ಮತ್ತು ಗಲಾಪಗಸ್ ದ್ವೀಪಗಳಲ್ಲಿ ವಾಸಿಸುತ್ತವೆ. ಈ ವಂಶದ ಒಂದು ಚಿಕ್ಕ ಕವಲು ಮಾತ್ರ ಬಂಧುಬಳಗವನ್ನೆಲ್ಲ ತೊರೆದು ಶಾಂತಸಾಗರದ ಆಚೆಯ ಮಗ್ಗುಲಲ್ಲಿ, ಫೀಜಿ ದ್ವೀಪಗಳಲ್ಲಿ ನೆಲೆಸಿದೆ. ಅಮೆರಿಕದ ಕರಾವಳಿಗೂ ಫೀಜಿಗೂ ನಡುವೆ ಇರುವುದು ಸುಮಾರು ೮,೦೦೦ ಕಿಲೋಮೀಟರು ನೀರು. ಭೂಮಂಡಲದ ಸುತ್ತಳತೆಯ ಐದನೆಯ ಒಂದು ಭಾಗ ಇದು. ಈ ಹಸುರು ಪ್ರಾಣಿ ಅಲ್ಲಿಗೆ ಹೋದುದು ಹೇಗೆ ಎಂಬ ಪ್ರಶ್ನೆ ವಿದ್ವಾಂಸರನ್ನು ಬಹುಕಾಲ ಕಾಡಿತು.

ಈ ಕವಲಿಗೆ ವಿಜ್ಞಾನಿಗಳು ಕೊಟ್ಟ ಹೆಸರು ಬ್ರಾಕಿಲೋಫಸ್. ಗ್ರೀಕ್ ಭಾಷೆಯಲ್ಲಿ ಬ್ರಾಕಿಸ್ ಎಂದರೆ ಗಿಡ್ಡ, ಲೋಫೋಸ್ ಎಂದರೆ ಶಿಖೆ. ಗಿಡ್ಡ ಜುಟ್ಟುಳ್ಳದ್ದು ಎಂದು ಅರ್ಥ. ಈ ಕುಲದಲ್ಲಿ ಈಗ ಬದುಕಿರುವ ಜಾತಿಗಳು ನಾಲ್ಕು. ಪಟ್ಟೆಯುಳ್ಳದ್ದು ಎಂಬ ಅರ್ಥದ ಫ್ಯಾಸಿಯೇಟಸ್ ಎಂಬುದು ೧೮೦೦ರಷ್ಟು ಹಿಂದೆಯೇ ಯುರೋಪಿನ ವಿದ್ವಾಂಸರಿಗೆ ಪರಿಚಿತವಾಗಿತ್ತು. ೨೦೦೮ರಲ್ಲಿ ಗುರುತಿಸಲ್ಪಟ್ಟ ಮತ್ತೊಂದಕ್ಕೆ ಬುಲಬುಲ ಎಂದು ಹೆಸರಿಟ್ಟರು. ಬುಲ ಎಂಬುದು ಫೀಜಿ ಜನರು ಎದುರಾದವರಿಗೆಲ್ಲ ಹೇಳುವ ಕುಶಲೋಕ್ತಿ. ಅದರ ದ್ವಿರುಕ್ತಿಯು ಸೊಂಪಾಗಿ ಆರೋಗ್ಯದಿಂದಿರುವುದನ್ನು ಸೂಚಿಸುತ್ತದೆ. ಗೌ ಎಂಬ ದ್ವೀಪದ ಹೆಸರನ್ನೇ ಪಡೆದ ಜಾತಿ ೨೦೧೭ರಲ್ಲಿ ಪ್ರಕಟವಾಯಿತು. ಉಳಿದ ಒಂದೇ ಈ ಲೇಖನದ ವಸ್ತು: ಬ್ರಾಕಿಲೋಫಸ್ ವಿಟಿಯೆನ್ಸಿಸ್, ಅಂದರೆ ವೀಟಿ ದೇಶದ ಜುಟ್ಟಿನ ಓತಿ. ಫೀಜಿಯ ಜನರು ತಮ್ಮ ನಾಡನ್ನು ವೀಟಿ ಎಂದೇ ಕರೆಯುತ್ತಾರೆ. ನೆರೆಯ ಟೋಂಗಾ ದ್ವೀಪದವರ ಬಾಯಲ್ಲಿ ಅದು ಫೀಸಿ ಆಯಿತು. ಅವರಿಂದ ಕೇಳಿದ ಆಂಗ್ಲ ನಾವಿಕರ ಬಾಯಲ್ಲಿ ಫೀಜಿ ಆಯಿತು. ನೆರೆಯವನು ಕರೆದ ಹೆಸರು ಮನೆಯವನ ಹೆಸರನ್ನು ನುಂಗಿಹಾಕುವುದು ಇತಿಹಾಸದಲ್ಲಿ ಅಪರೂಪವೇನಲ್ಲ.

ಈ ಪ್ರಾಣಿಯ ರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಬೆಳೆದ ಗಂಡು ಸುಮಾರು ೭೫ ಸೆಂಟಿಮೀಟರು ಉದ್ದವಿರುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಬಾಲದ್ದೇ. ತೂಕ ಮಾತ್ರ ಸುಮಾರು ೩೦೦ ಗ್ರಾಂ. ಮೈಯೆಲ್ಲ ಎಳೆಯ ಬಾಳೆಯೆಲೆಯಂಥ ಹಸುರು. ಆ ಹಸುರಿನ ಮೇಲೆ ಕಿರಿದಾದ ಬಿಳಿಯ ಪಟ್ಟೆಗಳು ಅಡ್ಡಲಾಗಿ ಹಾದುಹೋಗಿವೆ. ಮೂಗಿನ ಹೊಳ್ಳೆಗಳ ಸುತ್ತ ಹಳದಿ ಬಣ್ಣ ಹಚ್ಚಿದಂತಿದೆ. ಕತ್ತಿನಿಂದ ಬೆನ್ನಿನುದ್ದಕ್ಕೂ ಮೃದುವಾದ ಮುಳ್ಳುಗಳ ಸಾಲು. ಕತ್ತಿನ ಮೇಲೆ ಇವು ಹೆಚ್ಚು ಉದ್ದವಾಗಿದ್ದು ಜುಟ್ಟಿನಂತೆ ನಿಂತಿರುತ್ತವೆ. ಮೊದಲು ಪರಿಚಿತವಾಗಿದ್ದ ಪಟ್ಟೆಯ ಜಾತಿಯಲ್ಲಿ ಗಂಡಿಗೆ ಮಾತ್ರ ಪಟ್ಟೆಗಳಿದ್ದು ಹೆಣ್ಣು ಅಚ್ಚ ಹಸುರು ಬಣ್ಣದ್ದಾಗಿರುತ್ತದೆ. ಜುಟ್ಟಿನ ಜಾತಿಯಲ್ಲಿ ಗಂಡುಹೆಣ್ಣೆರಡಕ್ಕೂ ಪಟ್ಟೆಗಳಿವೆ. ನೋಡಿದೊಡನೆ ಇವನ್ನು ಬೇರೆಯೆಂದು ತಿಳಿಯಲು ಇದೊಂದು ಗುರುತು ಸಾಕು.

ಎಲೆಗಳ ನಡುವೆ ನಿಶ್ಚಲವಾಗಿ ಕುಳಿತಾಗ ಈ ಪ್ರಾಣಿಯನ್ನು ಕಣ್ಣಿಗೆ ಹಿಡಿಯುವುದು ಕಷ್ಟ. ಅದನ್ನು ಕೆಣಕಿದರೆ ಮತ್ತೊಂದು ಬಗೆಯ ವಿಸ್ಮಯ ಕಾಣುತ್ತದೆ. ನೋಡನೋಡುತ್ತಿದ್ದಂತೆ ಹಸುರು ಮಾಸಿ, ಮೈ ಕಪ್ಪಾಗುತ್ತದೆ. ಬಿಳಿಯ ಪಟ್ಟೆಗಳು ಆ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಚರ್ಮದ ಕೋಶಗಳಲ್ಲಿರುವ ಕಪ್ಪು ವರ್ಣದ್ರವ್ಯವು ಸಾಮಾನ್ಯವಾಗಿ ಕೋಶದ ನಡುವೆ ಮುದ್ದೆಗಟ್ಟಿರುತ್ತದೆ. ಉದ್ರೇಕದ ಕಾಲದಲ್ಲಿ ಅದು ಕೋಶದ ತುಂಬ ಹರಡಿಕೊಂಡು ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ. ಬಣ್ಣ ಬದಲಾದ ಮೇಲೆ ಪ್ರಾಣಿಯು ಗಂಟಲನ್ನು ಉಬ್ಬಿಸಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಬಾಯಿ ತೆರೆದು ಮುನ್ನುಗ್ಗುವುದೂ ಉಂಟು. ಫೀಜಿಯ ಜನರು ಇದನ್ನು ವೊಕಾಯ್ ಎಂದು ಕರೆಯುತ್ತಾರೆ. ಈ ಕಪ್ಪಾಗುವ, ಮೇಲೆರಗುವ ಸ್ವಭಾವದಿಂದಲೇ ಅಲ್ಲಿನ ಹಳ್ಳಿಗರಲ್ಲಿ ಅನೇಕರು ಇದಕ್ಕೆ ಹೆದರುತ್ತಾರೆ. ಕೆಲವು ಕುಲಗಳವರಿಗೆ ಇದು ಕುಲಲಾಂಛನವೂ ಹೌದು. ಅಂಜಿಕೆಯೋ ಪೂಜ್ಯಭಾವವೋ, ಎರಡರಿಂದಲೂ ಪ್ರಾಣಿಗೆ ಒಳಿತೇ ಆಗಿದೆ. ಕಂಡವರು ಕೈಯಿಕ್ಕಲು ಹಿಂದೆಗೆಯುತ್ತಾರೆ.

ಇಂಥ ಎದ್ದುಕಾಣುವ ಜೀವಿಯೊಂದು ೧೯೭೯ರವರೆಗೆ ವಿಜ್ಞಾನಲೋಕಕ್ಕೆ ಅಜ್ಞಾತವಾಗಿಯೇ ಉಳಿದಿತ್ತೆಂದರೆ ಆಶ್ಚರ್ಯವಾಗದಿರದು. ಫೀಜಿಯ ರಾಜಧಾನಿ ಸುವಾದಲ್ಲಿರುವ ದಕ್ಷಿಣ ಶಾಂತಸಾಗರ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಜಾನ್ ಗಿಬ್ಬನ್ಸ್ ಎಂಬವರು ಆ ವರ್ಷ ಯದುವತಂಬ ಎಂಬ ನಿರ್ಜನ ದ್ವೀಪದಲ್ಲಿ ಇದನ್ನು ಕಂಡು, ಇದು ಹಿಂದೆ ಬಲ್ಲ ಜಾತಿಯಲ್ಲವೆಂದು ಅರಿತರು. ಪಟ್ಟೆಗಳ ಬಣ್ಣ, ಜುಟ್ಟಿನ ಎತ್ತರ, ಮೈಯ ಗಾತ್ರ ಎಲ್ಲವನ್ನೂ ಹೋಲಿಸಿ ೧೯೮೧ರಲ್ಲಿ ಹೊಸ ಹೆಸರಿನೊಡನೆ ಪ್ರಕಟಿಸಿದರು. ೧೯೮೦ರಲ್ಲಿ ತೆರೆಕಂಡ ಬ್ಲೂ ಲಗೂನ್ ಎಂಬ ಆಂಗ್ಲ ಚಲನಚಿತ್ರವನ್ನು ಫೀಜಿಯಲ್ಲಿ ಚಿತ್ರಿಸಿದಾಗ ಈ ಓತಿಯೂ ಅದರಲ್ಲಿ ಕಾಣಿಸಿಕೊಂಡಿತ್ತು. ಜಗತ್ತಿನ ಎಷ್ಟೋ ಊರುಗಳಲ್ಲಿ ಪ್ರೇಕ್ಷಕರು ನಾಯಕ ನಾಯಿಕೆಯರನ್ನು ನೋಡುತ್ತ ಕುಳಿತಿದ್ದಾಗ, ಶಾಸ್ತ್ರದಲ್ಲಿ ಇನ್ನೂ ನಾಮಕರಣವಾಗದ ಜೀವಿಯೊಂದು ತೆರೆಯ ಮೇಲೆ ಹಾದುಹೋಗುತ್ತಿತ್ತು. ಕನ್ನಡಿಗರಿಗೆ ಈ ವರ್ಷ ಬೇರೊಂದು ಕಾರಣದಿಂದ ನೆನಪಿನಲ್ಲಿರಬೇಕು. ಪಶ್ಚಿಮಘಟ್ಟದ ಹಾರುವ ಓತಿಯನ್ನು ಹುಡುಕಿಹೋಗುವ ಕಥೆಯುಳ್ಳ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದದ್ದೂ ೧೯೮೦ರಲ್ಲಿಯೇ. ಮರವಾಸಿಯಾದ ಓತಿಯೊಂದು ಮನುಷ್ಯನನ್ನು ಕಾಡಿನೊಳಕ್ಕೆ ಸೆಳೆದೊಯ್ಯುವ ಸಂಗತಿಯು ಅಲ್ಲಿ ಕಾದಂಬರಿಯಾಯಿತು, ಇಲ್ಲಿ ಶಾಸ್ತ್ರವಾಯಿತು. ಗಿಬ್ಬನ್ಸರ ಬಾಳು ದೀರ್ಘವಾಗಲಿಲ್ಲ. ೧೯೮೬ರಲ್ಲಿ ಫೀಜಿಯ ಸಮುದ್ರದಲ್ಲಿಯೇ ಸಂಭವಿಸಿದ ದೋಣಿಯ ದುರಂತದಲ್ಲಿ ಅವರು ಸಂಸಾರಸಮೇತರಾಗಿ ತೀರಿಕೊಂಡರು.

ಇನ್ನು ಕಡಲು ದಾಟಿದ ಪ್ರಶ್ನೆ. ಈ ವಿಷಯದಲ್ಲಿ ಎರಡು ಪಕ್ಷಗಳಿದ್ದವು. ಮರದ ದಿಮ್ಮಿಗಳೂ ಬೇರುಗಳೂ ಹೆಣೆದುಕೊಂಡ ತೇಲುತೆಪ್ಪದ ಮೇಲೆ ಕುಳಿತು ಅಮೆರಿಕದಿಂದ ಪ್ರವಾಹದೊಡನೆ ಇವು ಬಂದವು ಎಂಬುದು ಒಂದು ಪಕ್ಷ; ಗಿಬ್ಬನ್ಸರದೂ ಇದೇ ಮತ. ಅಷ್ಟು ದೂರವನ್ನು ಹಾಗೆ ದಾಟುವುದು ಅಸಂಭವ. ಭೂಖಂಡಗಳು ಪರಸ್ಪರ ಅಂಟಿಕೊಂಡಿದ್ದ ಪುರಾತನ ಕಾಲದಲ್ಲಿ ಇವುಗಳ ಪೂರ್ವಜರು ನೆಲದ ಮಾರ್ಗವಾಗಿಯೇ ಈ ಕಡೆಗೆ ಬಂದು, ನಡುವಿನವೆಲ್ಲ ಅಳಿದು ಫೀಜಿಯವು ಮಾತ್ರ ಉಳಿದವು ಎಂಬುದು ಇನ್ನೊಂದು ಪಕ್ಷ. ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ ಎಂದು ಗಾದೆ. ಇಲ್ಲಿ ಬೇಲಿಯೂ ಇಲ್ಲ, ಗೂಟವೂ ಇಲ್ಲ. ಸಾಕ್ಷಿಯನ್ನು ಪ್ರಾಣಿಯ ಮೈಯೊಳಗಿಂದಲೇ ತೆಗೆಯಬೇಕಾಯಿತು.

ಇಗ್ವಾನಗಳ ವಂಶವಾಹಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹೋಲಿಸಿ ನೋಡಿದ ಸಂಶೋಧನೆಯೊಂದು ೨೦೨೫ರಲ್ಲಿ ಪ್ರಕಟವಾಯಿತು. ಸೈಮನ್ ಸ್ಕಾರ್ಪೆಟಾ ಎಂಬವರು ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಈ ಅಧ್ಯಯನದಿಂದ, ಫೀಜಿಯ ಓತಿಗಳಿಗೆ ಅತ್ಯಂತ ಸಮೀಪದ ಬಂಧುವೆಂದರೆ ಉತ್ತರ ಅಮೆರಿಕದ ಮರುಭೂಮಿಯ ಇಗ್ವಾನ ಎಂದು ತಿಳಿದುಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿಯೂ ಮೆಕ್ಸಿಕೋದ ವಾಯವ್ಯ ಭಾಗದಲ್ಲಿಯೂ ಸುಡುಮರಳಿನಲ್ಲಿ ವಾಸಿಸುವ ಪ್ರಾಣಿ ಅದು. ಒಂದು ಮರಳುಗಾಡಿನದು, ಮತ್ತೊಂದು ಸಮುದ್ರಮಧ್ಯದ ಮರದ್ದು. ಆದರೂ ಒಂದೇ ತಾಯಿಯ ಮಕ್ಕಳು. ಈ ಎರಡು ಕವಲುಗಳು ಬೇರ್ಪಟ್ಟ ಕಾಲವನ್ನು ಗಣಿಸಿದರೆ ಅದು ಸುಮಾರು ೩ ಕೋಟಿ ೪೦ ಲಕ್ಷ ವರ್ಷಗಳ ಈಚೆಗೆ ಬೀಳುತ್ತದೆ. ಭೂಖಂಡಗಳು ಅದಕ್ಕಿಂತ ಎಷ್ಟೋ ಮೊದಲೇ ಬೇರೆಯಾಗಿದ್ದವು. ಫೀಜಿಯ ನೆಲವು ಅಗ್ನಿಪರ್ವತಗಳ ಕ್ರಿಯೆಯಿಂದ ಸಮುದ್ರದ ಮೇಲಕ್ಕೆ ಎದ್ದ ಕಾಲವೂ ಹೆಚ್ಚು ಕಡಿಮೆ ಇದೇ. ಹೀಗೆ ನೆಲದ ಮಾರ್ಗದ ಪಕ್ಷಕ್ಕೆ ಕಾಲದ ಬಾಧಕ ಒದಗಿ, ತೆಪ್ಪದ ಪಕ್ಷವು ಬಲಗೊಂಡಿತು. ಬೆನ್ನೆಲುಬುಳ್ಳ ನೆಲವಾಸಿ ಪ್ರಾಣಿಯೊಂದು ತೇಲಿಕೊಂಡು ದಾಟಿದ ದೂರಗಳಲ್ಲಿ ಇಷ್ಟು ದೀರ್ಘವಾದುದು ಮತ್ತೊಂದು ತಿಳಿದಿಲ್ಲ.

ಇದು ಕೇವಲ ತರ್ಕವಲ್ಲ. ೧೯೯೫ರಲ್ಲಿ ಕರೀಬಿಯನ್ ಸಮುದ್ರದಲ್ಲಿ ಚಂಡಮಾರುತಗಳು ಬೀಸಿದ ಬಳಿಕ ಆಂಗ್ವಿಲಾ ಎಂಬ ದ್ವೀಪದ ಕರೆಗೆ ಬೇರುಸಹಿತ ಕಿತ್ತುಬಂದ ಮರಗಳ ರಾಶಿಯೊಂದು ತೇಲಿಬಂದಿತು. ಅದರ ಮೇಲೆ ಕನಿಷ್ಠ ೧೫ ಹಸುರು ಇಗ್ವಾನಗಳು ಕುಳಿತಿದ್ದವು. ಆ ಜಾತಿ ಅಲ್ಲಿ ಹಿಂದೆ ಇರಲಿಲ್ಲ. ಅವು ಸುಮಾರು ೩೦೦ ಕಿಲೋಮೀಟರು ದೂರದ ದ್ವೀಪದಿಂದ ಬಂದಿರಬೇಕೆಂದು ಊಹಿಸಲಾಗಿದೆ. ಮುನ್ನೂರಕ್ಕೂ ಎಂಟು ಸಾವಿರಕ್ಕೂ ಬಹಳ ಅಂತರವಿದೆ ಎಂಬುದು ನಿಜ. ಆದರೆ ಮರುಭೂಮಿಯ ಬಂಧುವಿನ ಸ್ವಭಾವವನ್ನು ನೆನೆದರೆ ವಿಷಯ ಅಷ್ಟು ಅಸಾಧ್ಯವೆನಿಸದು. ಸರೀಸೃಪಗಳು ಶೀತರಕ್ತದವಾದುದರಿಂದ ಅವುಗಳಿಗೆ ಆಹಾರ ಅತ್ಯಲ್ಪ ಸಾಕು. ಇಗ್ವಾನಗಳು ಹಸಿವು ಬಾಯಾರಿಕೆಗಳನ್ನು ದೀರ್ಘಕಾಲ ತಾಳಬಲ್ಲವು, ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಮೂಗಿನ ಗ್ರಂಥಿಗಳ ಮೂಲಕ ಹೊರಹಾಕಬಲ್ಲವು. ತೇಲುವ ಮರದ ಎಲೆಗಳೇ ಅವುಗಳಿಗೆ ಬುತ್ತಿಯಾಗಬಲ್ಲವು.

ಹೀಗೆ ಬಂದಿಳಿದ ಜೀವಿಗಳಿಗೆ ಕೋಟ್ಯಂತರ ವರ್ಷ ಮನುಷ್ಯನ ಸೋಂಕಿರಲಿಲ್ಲ. ಸುಮಾರು ೩,೦೦೦ ವರ್ಷಗಳ ಹಿಂದೆ ಲಪೀಟ ಎಂದು ಕರೆಯಲಾಗುವ ಜನರು ದೋಣಿಗಳಲ್ಲಿ ಬಂದು ಫೀಜಿ ಟೋಂಗಾಗಳಲ್ಲಿ ನೆಲೆಸಿದರು. ಮಣ್ಣಿನ ಪಾತ್ರೆಗಳ ಮೇಲೆ ಸುಂದರವಾದ ಚಿತ್ತಾರ ಬಿಡಿಸುತ್ತಿದ್ದ ಜನ ಅವರು. ಅವರು ಬಂದ ಕಾಲಕ್ಕೆ ಫೀಜಿಯಲ್ಲಿ ಒಂದೂವರೆ ಮೀಟರು ಉದ್ದದ ಇನ್ನೊಂದು ಇಗ್ವಾನವೂ, ಟೋಂಗಾದಲ್ಲಿ ಇಂದಿನವಕ್ಕಿಂತ ದೊಡ್ಡದಾದ ಒಂದು ಬ್ರಾಕಿಲೋಫಸ್ ಜಾತಿಯೂ ಇದ್ದವೆಂದು ದೊರೆತ ಅಸ್ಥಿಗಳಿಂದ ತಿಳಿಯುತ್ತದೆ. ಮನುಷ್ಯನು ಕಾಲಿಟ್ಟ ಬಳಿಕ ಎರಡೂ ಅಳಿದವು. ಟೋಂಗಾದ ಆ ಜಾತಿಗೆ ೨೦೦೪ರಲ್ಲಿ ಹೆಸರಿಟ್ಟವರು ಗಿಬ್ಬನ್ಸರ ಸ್ಮರಣಾರ್ಥವಾಗಿ ಗಿಬ್ಬನ್ಸೈ ಎಂದು ಕರೆದರು.

ಎರಡನೆಯ ಆಘಾತದ ಕಥೆಯಲ್ಲಿ ಭಾರತದ ಹೆಸರೂ ಸೇರಿಕೊಂಡಿದೆ. ಫೀಜಿ ೧೮೭೪ರಲ್ಲಿ ಬ್ರಿಟಿಷರ ವಸಾಹತಾಯಿತು. ಕಬ್ಬಿನ ತೋಟಗಳಿಗೆ ದುಡಿಯುವ ಕೈಗಳು ಬೇಕಾದವು. ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಭಾರತೀಯರನ್ನು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದರು. ೧೯೦೩ರಿಂದ ಮದರಾಸು ಬಂದರಿನಿಂದಲೂ ಜನ ಹೋದರು. ಅಗ್ರಿಮೆಂಟ್ ಎಂಬ ಆಂಗ್ಲ ಶಬ್ದವು ಆ ಬಡಜನರ ಬಾಯಲ್ಲಿ ಗಿರ್‌ಮಿಟ್ ಆಯಿತು. ಒಂದು ತದ್ಭವದ ಹಿಂದೆ ಇಷ್ಟು ಕಣ್ಣೀರು ಇರುವುದು ವ್ಯಾಕರಣದ ಪುಸ್ತಕಗಳಲ್ಲಿ ಕಾಣಸಿಗುವುದಿಲ್ಲ. ಅದೇ ಕಬ್ಬಿನ ಗದ್ದೆಗಳಲ್ಲಿ ಇಲಿಗಳು ಹೆಚ್ಚಿದವೆಂದು ೧೮೮೩ರಲ್ಲಿ ನಮ್ಮ ದೇಶದ ಸಣ್ಣ ಮುಂಗುಸಿಯನ್ನು ತಂದು ಬಿಟ್ಟರು. ತಂದವರು ಒಂದು ಸಾಮಾನ್ಯ ಸಂಗತಿಯನ್ನು ಆಲೋಚಿಸಲಿಲ್ಲ: ಇಲಿಯು ರಾತ್ರಿ ಸಂಚರಿಸುವ ಪ್ರಾಣಿ, ಮುಂಗುಸಿಯು ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ಇಲಿಗಳು ಉಳಿದವು. ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳೂ ಸರೀಸೃಪಗಳೂ ಬಲಿಯಾದವು. ವೊಕಾಯ್ ಮರದ ಮೇಲೆ ವಾಸಿಸಿದರೂ ಮೊಟ್ಟೆಯಿಡಲು ನೆಲಕ್ಕಿಳಿಯಲೇಬೇಕು. ಮಣ್ಣನ್ನು ತೋಡುತ್ತಿರುವ ತಾಯಿಯಾಗಲಿ, ತೋಡಿ ಮುಚ್ಚಿದ ಮೊಟ್ಟೆಯಾಗಲಿ ಮುಂಗುಸಿಗೂ ಬೆಕ್ಕಿಗೂ ಅನಾಯಾಸವಾದ ಆಹಾರ. ಹಾವಿನಿಂದ ಮಗುವನ್ನು ಕಾಪಾಡಿದ ಪಂಚತಂತ್ರದ ಮುಂಗುಸಿಯನ್ನು ನಿರಪರಾಧಿಯೆಂದೇ ಓದಿ ಬೆಳೆದ ಭಾರತೀಯರಿಗೆ ಅದರ ಈ ಚರಿತ್ರೆ ಸ್ವಲ್ಪ ಕಸಿವಿಸಿಯನ್ನು ಉಂಟುಮಾಡಬಹುದು. ಆದರೆ ಅಪರಾಧ ಮುಂಗುಸಿಯದಲ್ಲ, ಅದನ್ನು ಹಡಗೇರಿಸಿದವರದು. ಇಷ್ಟೇ ಅಲ್ಲ, ದಕ್ಷಿಣ ಭಾರತದ ಪಶ್ಚಿಮಘಟ್ಟಗಳಲ್ಲಿ ಮತ್ತು ಸಿಂಹಳದಲ್ಲಿ ಮಾತ್ರ ಸಹಜವಾಗಿ ವಾಸಿಸುವ ಕಂದು ಮುಂಗುಸಿಯೂ ಫೀಜಿಯ ಮುಖ್ಯ ದ್ವೀಪವಾದ ವೀಟಿ ಲೇವುವಿನಲ್ಲಿ ನೆಲೆಯೂರಿದೆಯೆಂದು ೨೦೧೦ರಲ್ಲಿ ಪ್ರಕಟವಾಯಿತು. ಕೊಡಗಿನ ಕಾಡಿನ ಪ್ರಾಣಿಗೆ ಅಲ್ಲಿ ಏನು ಕೆಲಸ!

ಜುಟ್ಟಿನ ಓತಿಗೆ ಬೇಕಾದುದು ಎಲ್ಲ ಬಗೆಯ ಕಾಡೂ ಅಲ್ಲ. ಫೀಜಿಯ ದ್ವೀಪಗಳಲ್ಲಿ ಮಳೆಗಾಳಿಗೆ ಬೆನ್ನುಮಾಡಿದ ಮಗ್ಗುಲಿನಲ್ಲಿ ಬೆಳೆಯುವ ಒಣಕಾಡು ಅದರ ಮನೆ. ನಮ್ಮ ಬಯಲುಸೀಮೆಯ ಕುರುಚಲು ಕಾಡಿಗೆ ದೂರದ ಸಂಬಂಧಿಯೆನ್ನಬಹುದಾದ ಈ ಕಾಡು, ಹಸಿರುಕಾಡಿನಂತೆ ಪ್ರವಾಸಿಗಳ ಕಣ್ಣು ಸೆಳೆಯುವುದಿಲ್ಲ. ದಾಸವಾಳದ ಕುಲಕ್ಕೆ ಸೇರಿದ ವಾವು ಎಂಬ ಮರದ ಹಳದಿ ಹೂಗಳೆಂದರೆ ಓತಿಗೆ ಬಲು ಪ್ರೀತಿ. ಈ ಒಣಕಾಡಿಗೆ ಬೆಂಕಿ ಬೇಗ ತಗಲುತ್ತದೆ. ಅದಕ್ಕಿಂತಲೂ ದೊಡ್ಡ ಪೀಡೆಯೆಂದರೆ ಆಡು. ಚಿಕ್ಕ ದ್ವೀಪಗಳಲ್ಲಿ ಕಾಯುವ ತಂಟೆಯಿಲ್ಲದೆ ಆಡುಗಳನ್ನು ಬಿಡುವುದು ಅಲ್ಲಿನ ರೂಢಿ. ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಫೀಜಿಗೂ ಸಲ್ಲುವ ಮಾತು. ಅದು ದೊಡ್ಡ ಮರಗಳನ್ನು ಕೊಲ್ಲುವುದಿಲ್ಲ; ಮೊಳೆತ ಸಸಿಗಳನ್ನು ತಿನ್ನುತ್ತದೆ. ಆದಕಾರಣ ಕಾಡು ಹೊರನೋಟಕ್ಕೆ ಹಾಗೆಯೇ ಇರುತ್ತದೆ. ಮುದಿಮರಗಳು ಒಂದೊಂದಾಗಿ ಬಿದ್ದಾಗಲೇ, ಅವುಗಳ ಸ್ಥಾನಕ್ಕೆ ಮರಿಮರಗಳು ಇಲ್ಲವೆಂಬುದು ತಿಳಿಯುವುದು. ಖಾಲಿಯಾದ ನೆಲದಲ್ಲಿ ಹುಟ್ಟಿಕೊಳ್ಳುವ ಪರದೇಶದ ಗಿಡಗಳಲ್ಲಿ ಸುಬಾಬುಲ್ ಒಂದು. ಸಾಮಾಜಿಕ ಅರಣ್ಯದ ಕಾಲದಲ್ಲಿ ಕರ್ನಾಟಕದ ಹೊಲದ ಬದುಗಳಲ್ಲಿಯೂ ಹೇರಳವಾಗಿ ನೆಟ್ಟ ಅದೇ ಗಿಡ.

ಈ ಎಲ್ಲ ವಿಪತ್ತುಗಳ ಫಲವಾಗಿ ಜುಟ್ಟಿನ ಓತಿ ಇಂದು ವಾಯವ್ಯ ಫೀಜಿಯ ಕೆಲವೇ ಪುಟ್ಟ ದ್ವೀಪಗಳಲ್ಲಿ ಉಳಿದಿದೆ. ಉಳಿದವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಯದುವತಂಬ ಒಂದರಲ್ಲಿಯೇ ಇವೆ. ಆ ದ್ವೀಪದ ವಿಸ್ತಾರ ೭೦ ಹೆಕ್ಟೇರು. ನಮ್ಮಲ್ಲಿನ ಒಂದು ಸಾಧಾರಣ ಹಳ್ಳಿಯ ಗೋಮಾಳಕ್ಕಿಂತ ಇದು ಬಹಳ ದೊಡ್ಡದೇನಲ್ಲ. ಅಷ್ಟು ನೆಲದ ಮೇಲೆ ಸುಮಾರು ಆರು ಸಾವಿರ ಓತಿಗಳಿರುವುದಾಗಿ ೨೦೦೧ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಒಂದೇ ಕಡೆ ಇಷ್ಟು ದಟ್ಟವಾಗಿ ಇವು ಉಳಿಯಲು ಕಾರಣ ಮನುಷ್ಯರೇ ಎಂಬುದು ಸಂತೋಷದ ಸಂಗತಿ. ಯದುವತಂಬಕ್ಕೆ ಎದುರಾಗಿ ಯದುವ ಎಂಬ ಸ್ವಲ್ಪ ದೊಡ್ಡ ದ್ವೀಪವಿದೆ. ಅದರಲ್ಲಿ ದೇನಿಮನು ಎಂಬ ಒಂದೇ ಒಂದು ಹಳ್ಳಿ. ಫೀಜಿಯಲ್ಲಿ ಹೆಚ್ಚಿನ ಭೂಮಿ ಕುಲದ ಸಾಮೂಹಿಕ ಸ್ವತ್ತು. ಅದನ್ನು ಮಾರಲು ಬರುವುದಿಲ್ಲ. ಗಿಬ್ಬನ್ಸರು ಓತಿಯನ್ನು ಕಂಡ ಬಳಿಕ ಭೂಮಿಯ ಒಡೆತನವುಳ್ಳ ಕುಲದವರೂ ಫೀಜಿಯ ರಾಷ್ಟ್ರೀಯ ನ್ಯಾಸವೂ ಒಡಂಬಡಿಕೆಗೆ ಬಂದು, ೧೯೮೦ರಲ್ಲಿ ಯದುವತಂಬವನ್ನು ರಕ್ಷಿತ ಧಾಮವನ್ನಾಗಿ ಮಾಡಿದರು. ವನ್ಯಜೀವಿಗಾಗಿ ಫೀಜಿ ದೇಶವು ಮೀಸಲಿಟ್ಟ ಮೊದಲ ನೆಲವೇ ಅದು. ತಮ್ಮ ಆಡುಗಳನ್ನು ಅಲ್ಲಿಂದ ತೆಗೆಯಲು ಹಳ್ಳಿಗರು ಒಪ್ಪಿದರು. ಬಡವರಾದ ಮೀನುಗಾರರಿಗೆ ಆಡು ಎಂದರೆ ನಡೆದಾಡುವ ಹಣ. ನಗರದಲ್ಲಿ ಕುಳಿತು ವನ್ಯಸಂರಕ್ಷಣೆಯ ಭಾಷಣ ಮಾಡುವವರು ಬಿಟ್ಟುಕೊಡುವುದಕ್ಕಿಂತ ಈ ಜನರು ಬಿಟ್ಟುಕೊಟ್ಟದ್ದು ಹೆಚ್ಚಿನದು.

ಆದರೆ ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆಗಳನ್ನೂ ಇಟ್ಟ ಭಯ ತಪ್ಪಿದ್ದಲ್ಲ. ೨೦೧೬ರ ಫೆಬ್ರವರಿಯಲ್ಲಿ ವಿನ್ಸ್ಟನ್ ಎಂಬ ಚಂಡಮಾರುತ ಫೀಜಿಯನ್ನು ಅಪ್ಪಳಿಸಿತು. ೨೦೨೦ರ ಡಿಸೆಂಬರಿನಲ್ಲಿ ಯಾಸ ಎಂಬ ಇನ್ನೊಂದು ಚಂಡಮಾರುತವು, ಯದುವ ದ್ವೀಪಗಳು ಸೇರಿರುವ ಬುವಾ ಪ್ರಾಂತದಲ್ಲಿಯೇ ಕರೆಯನ್ನು ಮುಟ್ಟಿತು. ಒಂದು ಬೆಂಕಿ, ಹಡಗಿನಿಂದ ಇಳಿದ ಒಂದು ಜೋಡಿ ಬೆಕ್ಕು, ಇಷ್ಟೇ ಸಾಕು ಆ ಎಪ್ಪತ್ತು ಹೆಕ್ಟೇರಿನ ಲೆಕ್ಕ ತಪ್ಪಲು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಜಾತಿಯನ್ನು ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವುದೆಂದು ನಮೂದಿಸಿರುವುದು ಈ ಕಾರಣದಿಂದ. ಇದರ ವ್ಯಾಪಾರವನ್ನೂ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ನಿಷೇಧಿಸಿದ್ದಾರೆ. ಇಷ್ಟು ಸಾಲದೆಂಬಂತೆ ೨೦೦೦ರಲ್ಲಿ ಕಮೆಯ ಎಂಬ ಇನ್ನೊಂದು ದ್ವೀಪಕ್ಕೆ ಅಮೆರಿಕದ ದೊಡ್ಡ ಹಸುರು ಇಗ್ವಾನವನ್ನು ಯಾರೋ ತಂದು ಬಿಟ್ಟರು. ಅದು ಸುತ್ತಲಿನ ದ್ವೀಪಗಳಿಗೂ ಹರಡಿತು. ಕೋಟ್ಯಂತರ ವರ್ಷಗಳ ಹಿಂದೆ ತೆಪ್ಪದ ಮೇಲೆ ಬಂದ ಬಡಬಂಧುವಿನ ಮನೆಗೆ ಸಿರಿವಂತ ದಾಯಾದಿಯು ಹಡಗಿನಲ್ಲಿ ಬಂದಿಳಿದಂತಾಯಿತು. ಹತ್ತಾರು ಮೊಟ್ಟೆಗಳನ್ನು ಒಮ್ಮೆಗೇ ಇಡುವ ಆ ಪ್ರಾಣಿಯ ಮುಂದೆ ಎರಡು ನಾಲ್ಕು ಮೊಟ್ಟೆಗಳನ್ನಿಡುವ ವೊಕಾಯ್ ಎಷ್ಟರದು?

ಇದಕ್ಕೆ ಪ್ರತಿಯಾದ ಒಂದು ಪ್ರಯತ್ನವನ್ನು ಇಲ್ಲಿ ಹೇಳಬೇಕು. ಮೊನುರಿಕಿ ಎಂಬುದು ಮಾಮನುಕ ಸಮೂಹದ ಒಂದು ನಿರ್ಜನ ದ್ವೀಪ. ೨೦೦೦ರಲ್ಲಿ ಬಂದ ಕ್ಯಾಸ್ಟ್ ಅವೇ ಎಂಬ ಚಲನಚಿತ್ರದಲ್ಲಿ ಏಕಾಂಗಿಯಾದ ನಾಯಕನು ಸಿಕ್ಕಿಬೀಳುವ ದ್ವೀಪವೂ ಅದೇ. ಅಲ್ಲಿ ಆಡುಗಳಿಂದಲೂ ಇಲಿ ಬೆಕ್ಕುಗಳಿಂದಲೂ ಓತಿಗಳು ಬಹುತೇಕ ನಿಶ್ಶೇಷವಾಗುವ ಸ್ಥಿತಿಗೆ ಬಂದಿದ್ದವು. ೨೦೧೦ರ ಸುಮಾರಿಗೆ ಉಳಿದವುಗಳಲ್ಲಿ ಸುಮಾರು ಇಪ್ಪತ್ತನ್ನು ಹಿಡಿದು ವೀಟಿ ಲೇವುವಿನ ಕುಲಾ ಉದ್ಯಾನಕ್ಕೆ ಒಯ್ದು ಸಂತಾನಾಭಿವೃದ್ಧಿಗೆ ಬಿಟ್ಟರು. ಅಷ್ಟರಲ್ಲಿ ದ್ವೀಪದ ಒಡೆಯರಾದ ಯಾನುಯ ಗ್ರಾಮಸ್ಥರ ಒಪ್ಪಿಗೆಯಿಂದ ಅಲ್ಲಿನ ಆಡುಗಳನ್ನೂ ಇಲಿಗಳನ್ನೂ ತೆಗೆಯಲಾಯಿತು; ಸಸಿಗಳು ಮತ್ತೆ ತಲೆಯೆತ್ತಿದವು. ೨೦೧೫ರಲ್ಲಿ ಉದ್ಯಾನದಲ್ಲಿ ಹುಟ್ಟಿ ಬೆಳೆದ ೩೨ ಓತಿಗಳನ್ನು ಮೊನುರಿಕಿಯ ಮರಗಳ ಮೇಲೆ ಬಿಟ್ಟರು. ಅವು ಹುಟ್ಟಿದಾರಭ್ಯ ಕಾಣದ ತಾಯ್ನೆಲ ಅದು.

ಇಂಥ ಕಾರ್ಯಕ್ಕೆ ವರ್ಷಗಳೇ ಹಿಡಿಯುವುದೇಕೆಂಬುದು ಈ ಪ್ರಾಣಿಯ ಸಂತಾನಕ್ರಮವನ್ನು ನೋಡಿದರೆ ತಿಳಿಯುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ, ಮಳೆಗಾಲವು ಮುಗಿಯುತ್ತ ಬಂದಾಗ, ಹೆಣ್ಣು ಮರದಿಂದ ಇಳಿದು ಕಾಡಿನ ನೆಲದಲ್ಲಿ ಕುಳಿಯನ್ನು ತೋಡಿ ಬಿಳಿಯ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಮತ್ತೆ ಮರವನ್ನೇರುತ್ತದೆ. ನಮ್ಮ ಬೇಲಿಯ ಓತಿಯ ಮೊಟ್ಟೆಗಳು ಒಂದೆರಡು ತಿಂಗಳಲ್ಲಿ ಒಡೆಯುತ್ತವೆ. ಜುಟ್ಟಿನ ಓತಿಯ ಮೊಟ್ಟೆಗಳಿಗೆ ಎಂಟರಿಂದ ಒಂಬತ್ತು ತಿಂಗಳು ಬೇಕು. ಸರೀಸೃಪಗಳಲ್ಲಿ ಇಷ್ಟು ದೀರ್ಘವಾದ ಅವಧಿ ವಿರಳ. ಒಣಗಾಲವೆಲ್ಲ ಅವು ಮಣ್ಣಿನೊಳಗೇ ಇರುತ್ತವೆ. ಕಾವು ಕೊಡಲು ತಾಯಿಯಿಲ್ಲ, ಕಾಯಲು ಯಾರೂ ಇಲ್ಲ. ನವೆಂಬರ್ ಡಿಸೆಂಬರಿನಲ್ಲಿ ಮೊದಲ ಮಳೆಗಳು ಬಿದ್ದು ನೆಲ ಮೆತ್ತಗಾದಾಗ ಮರಿಗಳು ಚಿಪ್ಪನ್ನು ಒಡೆದು ಮಣ್ಣನ್ನು ತಾವೇ ಕೆದಕಿಕೊಂಡು ಹೊರಬರುತ್ತವೆ. ಆಗ ಅವುಗಳ ಮೈ ಕಡುಹಸುರು. ನೆಲದ ಮೇಲೆ ಅವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲೆಗಳ ಮೇಲೆ ನಿಂತ ಮಳೆಯ ಹನಿಗಳನ್ನು ನೆಕ್ಕಿಕೊಂಡು ಹತ್ತಿರದ ಮರವನ್ನೇರುತ್ತವೆ.